ಟೈಲ್ಸ್ ಆರಿಸುವ ಮೊದಲು ಮಣ್ಣು ನೋಡಿ

ಮನೆ ಕಟ್ಟುವಾಗ ನಮ್ಮ ಊರುಗಳಲ್ಲಿ ನೆಲದ ಮಾತು ಬರುವುದು ಕೊನೆಗೆ. ಸ್ಲ್ಯಾಬ್ ಹಾಕಿಯಾದ ಮೇಲೆ ಕೈಯಲ್ಲಿ ಉಳಿದ ಹಣ ಎಣಿಸಿಕೊಂಡು ಟೈಲ್ಸ್ ಅಂಗಡಿಗೆ ಹೋಗುತ್ತೇವೆ. ಆದರೆ ಕೂತು ಉಣ್ಣುವುದು, ನಮಾಜಿಗೆ ಚಾಪೆ ಹಾಸುವುದು, ಅಜ್ಜಿ ಮಲಗುವುದು, ನೀವು ಓದಲು ಕೂರುವುದು ಎಲ್ಲವೂ ನೆಲದ ಮೇಲೆಯೇ. ಆ ನೆಲ ಕುಸಿದರೆ ಅಥವಾ ಮಳೆಗಾಲವಿಡೀ ತೇವ ಏರಿದರೆ, ವಾಸವಿರುವ ಮನೆಯನ್ನು ಅಗೆದು ಸರಿಪಡಿಸುವುದು ಬಹಳ ಕಷ್ಟ. ನಿಮ್ಮ ಮನೆಯಲ್ಲಿ ಪಾಯ ತೋಡುವ ಮಾತು ನಡೆದಿದ್ದರೆ ಈ ಪಾಠ ಈಗಲೇ ಉಪಯೋಗಕ್ಕೆ ಬರುತ್ತದೆ.

ಮಣ್ಣಿನ ಗುಣ

ಸವಣೂರು, ಶಿಗ್ಗಾಂವ ಕಡೆ ಎರೆ ಮಣ್ಣಿನ ಹೊಲಗಳು ಸಾಕಷ್ಟಿವೆ. ಹಿರೇಕೆರೂರು, ಹಾನಗಲ್ ಕಡೆ ಕೆಂಪು ಮಣ್ಣು ಹೆಚ್ಚು ಕಾಣುತ್ತದೆ. ಹಾನಗಲ್ಲಿಗೆ ಮಲೆನಾಡಿನ ಅಂಚಿನ ಮಳೆಯೂ ಉಂಟು. ಒಂದೇ ಊರಿನಲ್ಲಿ ಎರಡೂ ಮಣ್ಣು ಇರಬಹುದು. ಎರೆ ಮಣ್ಣಿನಲ್ಲಿ ಮಾಂಟ್‌ಮೊರಿಲೊನೈಟ್ ಎಂಬ ಜೇಡಿ ಖನಿಜವಿದೆ. ಅದರ ಪದರಗಳ ನಡುವೆ ನೀರು ಸೇರಿದಾಗ ಮಣ್ಣು ಉಬ್ಬುತ್ತದೆ, ಒಣಗಿದಾಗ ಕುಗ್ಗಿ ಬಿರಿಯುತ್ತದೆ. ಅದರ ಮೇಲೆ ಹಾಕಿದ ನೆಲವೂ ಅದರ ಜೊತೆಗೇ ಏರಿಳಿಯುತ್ತದೆ.

ತೇವ ಏಕೆ ಏರುತ್ತದೆ?

ಭೌತಶಾಸ್ತ್ರದ ಲೋಮನಾಳ ಕ್ರಿಯೆಯನ್ನು ನೆನಪಿಸಿಕೊಳ್ಳಿ. ನಾಳ ಸಣ್ಣದಾದಷ್ಟೂ ನೀರು ಎತ್ತರಕ್ಕೆ ಏರುತ್ತದೆ. ಲೆಕ್ಕ ಹಾಕಿದರೆ, 1 ಮಿ.ಮೀ. ತ್ರಿಜ್ಯದ ನಾಳದಲ್ಲಿ ನೀರು ಸುಮಾರು 1.5 ಸೆಂ.ಮೀ. ಏರಿದರೆ, 0.01 ಮಿ.ಮೀ. ತ್ರಿಜ್ಯದ ನಾಳದಲ್ಲಿ ಸುಮಾರು 1.5 ಮೀಟರ್ ಏರುತ್ತದೆ. ನುಣ್ಣನೆಯ ಮಣ್ಣಿನ ಸಂದುಗಳು ಇಂಥ ಸಣ್ಣ ನಾಳಗಳೇ. ದಪ್ಪ ಖಡಿಯ ನಡುವಿನ ಸಂದು ದೊಡ್ಡದು. ಅಲ್ಲಿ ಏರಿಕೆ ನಿಲ್ಲುತ್ತದೆ.

ಎರಡು ಬಗೆಯ ನೆಲ

1. ತುಂಬು ನೆಲ: ಪಾಯದ ಗೋಡೆಗಳ ನಡುವೆ ತುಂಬಿ ಗಟ್ಟಿ ಮಾಡಿದ ನೆಲ. ಗಟ್ಟಿ ಕೆಂಪು ಮಣ್ಣು ಅಥವಾ ಗರಸು ಇರುವಲ್ಲಿ ಇದೇ ಸಾಕು, ಖರ್ಚೂ ಕಡಿಮೆ. ಪಾಯ ತೋಡಿದಾಗ ಬಂದ ಎರೆ ಮಣ್ಣನ್ನು ಮಾತ್ರ ಒಳಗೆ ತುಂಬಬೇಡಿ. ಗರಸನ್ನು 15 ಸೆಂ.ಮೀ. ಪದರಗಳಲ್ಲಿ ಹಾಕಿ, ನೀರು ಚಿಮುಕಿಸಿ, ಧಮ್ಮಸ್ ಹೊಡೆಯಿರಿ. ಅದರ ಮೇಲೆ ಖಡಿ, ಖಡಿಯ ಸಂದು ಮುಚ್ಚುವಷ್ಟು ಉಸುಕು, ದಪ್ಪ ಪ್ಲಾಸ್ಟಿಕ್ ಹಾಳೆ, ಆಮೇಲೆ 10 ಸೆಂ.ಮೀ. ಕಾಂಕ್ರೀಟ್. ಇಂದು ಹೆಚ್ಚು ಬಳಕೆಯ ಪಿಪಿಸಿ ಸಿಮೆಂಟಿಗೆ ಕನಿಷ್ಠ 10 ದಿನ ನೀರುಣಿಸಿ.

2. ಸ್ಲ್ಯಾಬ್ ನೆಲ: ಎರೆ ಮಣ್ಣು ಆಳವಾಗಿರುವಲ್ಲಿ ನೆಲವನ್ನು ಮಣ್ಣಿನ ಮೇಲೆ ಕೂರಿಸದೆ, ಪ್ಲಿಂತ್ ಬೀಮುಗಳ ಮೇಲೆ ಹೊರಿಸುತ್ತಾರೆ. ಕೆಳಗೆ ಬಿಟ್ಟ ಖಾಲಿ ಜಾಗದಲ್ಲಿ ಮಣ್ಣು ತನ್ನ ಪಾಡಿಗೆ ಉಬ್ಬುತ್ತದೆ. ಇಂಥ ಮಣ್ಣಿಗಾಗಿ ರೂರ್ಕಿಯ ಕೇಂದ್ರೀಯ ಕಟ್ಟಡ ಸಂಶೋಧನಾ ಸಂಸ್ಥೆ ಬುಡದಲ್ಲಿ ಗಡ್ಡೆಯಂತೆ ಅಗಲವಾಗುವ ಪೈಲ್‌ಗಳನ್ನು ರೂಪಿಸಿದೆ. ಇದಕ್ಕೆ ಕಬ್ಬಿಣ ಹೆಚ್ಚು ಬೇಕು, ಇಂಜಿನಿಯರ್ ಲೆಕ್ಕವೂ ಬೇಕೇ ಬೇಕು.

ಯಾವುದೇ ಬಗೆಯಾದರೂ ನೆಲದ ಮಟ್ಟ ಸುತ್ತಲಿನ ಜಾಗಕ್ಕಿಂತ ಕನಿಷ್ಠ 45 ಸೆಂ.ಮೀ. ಎತ್ತರವಿರಲಿ. ಮುಂದೆ ರಸ್ತೆ ಎತ್ತರವಾಗುವುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಮೇಲಿನ ಹಾಸು

ಹಣ ಕಡಿಮೆಯಿದ್ದರೆ ಉಳಿಸಬೇಕಾದ್ದು ಇಲ್ಲಿ, ಕೆಳಗಿನ ಪದರಗಳಲ್ಲಲ್ಲ. ಸದ್ಯಕ್ಕೆ ಸಿಮೆಂಟ್ ಗಿಲಾವು ಮಾಡಿಸಿ, ಟೈಲ್ಸ್ ಅನ್ನು ನಾಲ್ಕು ವರ್ಷ ಬಿಟ್ಟು ಹಾಕಿಸಬಹುದು. ಗರಸನ್ನು ಆಮೇಲೆ ತುಂಬಲಾಗದು. ಟೈಲ್ಸ್ ತೇವವನ್ನು ಮುಚ್ಚುತ್ತದೆಯೇ ಹೊರತು ಹೋಗಲಾಡಿಸುವುದಿಲ್ಲ. ಅದು ಗೋಡೆಯ ಬುಡದಲ್ಲಿ ಕಾಣಿಸಿಕೊಳ್ಳುತ್ತದೆ. ಶಹಾಬಾದ್ ಫರಸಿ ಗಟ್ಟಿಮುಟ್ಟಾದದ್ದು, ಆದರೆ ಅದು ಸುಣ್ಣದ ಕಲ್ಲು, ಅಂದರೆ ಕ್ಯಾಲ್ಸಿಯಂ ಕಾರ್ಬೊನೇಟ್. ಆ್ಯಸಿಡ್ ಹಾಕಿ ತೊಳೆದರೆ ನೊರೆಯೆದ್ದು ಕಲ್ಲೇ ಕರಗುತ್ತದೆ. ಬಚ್ಚಲು, ವುಜೂ ಮಾಡುವ ಜಾಗಕ್ಕೆ ನುಣುಪು ಟೈಲ್ಸ್ ಬೇಡ. ಒರಟು ಹಾಸು, ಸರಿಯಾದ ಇಳಿಜಾರು ಇರಲಿ.

ಮಾಡಿ ನೋಡಿ

ಪಾಯದ ಆಳದ ಮಣ್ಣು ತಂದು ಒಣಗಿಸಿ, ಪುಡಿ ಮಾಡಿ, ಸಣ್ಣ ಜರಡಿ ಹಿಡಿಯಿರಿ. ಉಪನ್ಯಾಸಕರ ಎದುರಿನಲ್ಲಿ, 100 ಮಿ.ಲೀ.ನ ಎರಡು ಅಳತೆ ಜಾಡಿಗಳಿಗೆ 10 ಗ್ರಾಂನಂತೆ ಹಾಕಿ, ಒಂದಕ್ಕೆ ಬಟ್ಟಿ ಇಳಿಸಿದ ನೀರು, ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಕಲಕಿ. 24 ಗಂಟೆಯ ನಂತರ ತಳದಲ್ಲಿ ಕೂತ ಮಣ್ಣಿನ ಅಳತೆ ನೋಡಿ. ಸೀಮೆಎಣ್ಣೆಯಲ್ಲಿ ಮಣ್ಣು ಉಬ್ಬುವುದಿಲ್ಲ. ಎರಡರ ವ್ಯತ್ಯಾಸವನ್ನು ಸೀಮೆಎಣ್ಣೆಯ ಜಾಡಿಯ ಅಳತೆಯಿಂದ ಭಾಗಿಸಿ 100ರಿಂದ ಗುಣಿಸಿ. ಉದಾಹರಣೆಗೆ 18 ಮತ್ತು 10 ಬಂದರೆ ಉಬ್ಬುವಿಕೆ ಶೇ. 80. ಶೇ. 50ಕ್ಕಿಂತ ಕಡಿಮೆಯಿದ್ದರೆ ಉಬ್ಬುವ ಗುಣ ಕಡಿಮೆ. 100 ದಾಟಿದರೆ ಇಂಜಿನಿಯರರನ್ನು ಕೇಳದೆ ಪಾಯಕ್ಕೆ ಕೈ ಹಾಕಬೇಡಿ.

ಬಂದ ಅಂಕಿಯನ್ನು ಬರೆದುಕೊಂಡು ಹೋಗಿ ಮನೆಯಲ್ಲಿ ಅಬ್ಬಾನಿಗೂ, ಕೆಲಸ ಹಿಡಿದ ಗೌಂಡಿಗೂ ತೋರಿಸಿ. ಟೈಲ್ಸಿನ ಬಣ್ಣ ಆಮೇಲೆ ಮಾತಾಡಬಹುದು.