ನೊಣ ಹುಟ್ಟುವ ಮೊದಲೇ ಬುಟ್ಟಿ ತೊಳೆಯೋಣ



ಮಾವು, ಹಲಸಿನ ಕಾಲ ಬಂತೆಂದರೆ ಮನೆಯಲ್ಲಿ ಹಣ್ಣಿನ ಜೊತೆಗೆ ನೊಣಗಳೂ ಹೆಚ್ಚುತ್ತವೆ. ವಾಟೆ, ಸಿಪ್ಪೆಗಳೆಲ್ಲ ಸೇರುವುದು ಅಡುಗೆಮನೆಯ ಕಸದ ಬುಟ್ಟಿಗೆ. ಅಲ್ಲಿಂದ ಎದ್ದ ನೊಣ ನೇರವಾಗಿ ಅನ್ನದ ತಟ್ಟೆಯ ಮೇಲೆ ಕೂರುತ್ತದೆ. ಕೈಬೀಸಿ ಓಡಿಸಿದರೂ ಮತ್ತೆ ಬರುತ್ತದೆ. ನೊಣವನ್ನು ಓಡಿಸುವ ಬದಲು ಅದು ಹುಟ್ಟದಂತೆಯೇ ಮಾಡಬಹುದೇ? ಖಂಡಿತ ಮಾಡಬಹುದು. ಅದಕ್ಕೆ ನೊಣದ ಜೀವನಚಕ್ರವನ್ನು ತಿಳಿದಿರಬೇಕು.

ನೊಣದಿಂದ ತೊಂದರೆ ಏನು?

ನೊಣಕ್ಕೆ ಹಲ್ಲುಗಳಿಲ್ಲ. ಸ್ಪಂಜಿನಂತಹ ಬಾಯಿಯಿಂದ ಅದು ದ್ರವವನ್ನು ಮಾತ್ರ ಹೀರಬಲ್ಲದು. ಗಟ್ಟಿ ಆಹಾರದ ಮೇಲೆ ಕುಳಿತಾಗ ಜೊಲ್ಲು ಸುರಿಸಿ, ಹೊಟ್ಟೆಯಲ್ಲಿದ್ದುದನ್ನೂ ಸ್ವಲ್ಪ ಹೊರಹಾಕಿ, ಆಹಾರವನ್ನು ಕರಗಿಸಿ ಹೀರುತ್ತದೆ. ಅದಕ್ಕೂ ಮೊದಲು ಅದು ಕೊಳೆತ ಕಸದ ಮೇಲೋ ಮಲದ ಮೇಲೋ ಕುಳಿತಿದ್ದರೆ? ಅಲ್ಲಿನ ರೋಗಾಣುಗಳು ಅದರ ಕಾಲಿನ ರೋಮಗಳಿಗೆ ಅಂಟಿ ನಮ್ಮ ಊಟಕ್ಕೆ ಸೇರುತ್ತವೆ. ಭೇದಿ, ಆಮಶಂಕೆ, ಟೈಫಾಯಿಡ್, ಕಾಲರಾ ರೋಗಗಳು ಹೀಗೂ ಹರಡುತ್ತವೆ. ಪುಟ್ಟ ಮಕ್ಕಳಿಗೆ ಭೇದಿಯಾದರೆ ದೇಹದ ನೀರು, ಲವಣಗಳು ನಷ್ಟವಾಗಿ ಪ್ರಾಣಕ್ಕೇ ಅಪಾಯವಾಗಬಹುದು.

ಬುಟ್ಟಿಯೊಳಗೆ ನಡೆಯುವುದೇನು?

ಮನೆನೊಣದ ವೈಜ್ಞಾನಿಕ ಹೆಸರು ಮಸ್ಕಾ ಡೊಮೆಸ್ಟಿಕಾ. ಅದರ ಬೆಳವಣಿಗೆಯಲ್ಲಿ ನಾಲ್ಕು ಹಂತಗಳಿವೆ.

1. ಮೊಟ್ಟೆ: ಹೆಣ್ಣು ನೊಣ ಒದ್ದೆಯಾದ, ಕೊಳೆಯುವ ಕಸದಲ್ಲಿ ಒಮ್ಮೆಗೆ ನೂರಕ್ಕೂ ಹೆಚ್ಚು ಮೊಟ್ಟೆಗಳನ್ನಿಡಬಲ್ಲದು. ಅವು ಬಿಳಿಯಾಗಿದ್ದು ಸುಮಾರು 1 ಮಿಲಿಮೀಟರ್ ಉದ್ದವಿರುತ್ತವೆ.
2. ಲಾರ್ವಾ: ಬೆಚ್ಚಗಿನ ಹವೆಯಲ್ಲಿ ಒಂದೇ ದಿನದಲ್ಲಿ ಮೊಟ್ಟೆಯೊಡೆದು ಕಾಲಿಲ್ಲದ ಬಿಳಿ ಹುಳು ಹೊರಬರುತ್ತದೆ. ಸುಮಾರು 4-5 ದಿನ ಕಸವನ್ನೇ ತಿಂದು ಬೆಳೆಯುತ್ತದೆ. ಅದಕ್ಕೆ ತೇವ ಬೇಕೇ ಬೇಕು.
3. ಕೋಶ: ಬೆಳೆದ ಹುಳು ಒಣ ಜಾಗ ಹುಡುಕಿಕೊಂಡು ತೆವಳುತ್ತದೆ. ಬುಟ್ಟಿಯ ಅಡಿ, ಗೋಡೆಯ ಮೂಲೆ, ಪಕ್ಕದ ಮಣ್ಣು ಅದಕ್ಕೆ ಇಷ್ಟ. ಅಲ್ಲಿ ಕಂದು ಬಣ್ಣದ ಕೋಶವಾಗುತ್ತದೆ.
4. ಪ್ರೌಢ ನೊಣ: ಸುಮಾರು 4 ದಿನಗಳ ನಂತರ ಕೋಶದಿಂದ ರೆಕ್ಕೆಯುಳ್ಳ ನೊಣ ಹೊರಬರುತ್ತದೆ.

ಹೀಗೆ ಬೇಸಿಗೆಯಲ್ಲಿ ಮೊಟ್ಟೆ ನೊಣವಾಗಲು 8ರಿಂದ 10 ದಿನ ಸಾಕು. ಚಳಿಯಲ್ಲಿ ಹೆಚ್ಚು ದಿನ ಬೇಕು.

ಒಂದು ಲೆಕ್ಕ ಮಾಡೋಣ. ಒಂದು ನೊಣ 120 ಮೊಟ್ಟೆಯಿಟ್ಟು, ಎಲ್ಲವೂ ಬದುಕಿದವು ಎಂದುಕೊಳ್ಳಿ. ಅವುಗಳಲ್ಲಿ 60 ಹೆಣ್ಣು. ಪ್ರತಿಯೊಂದೂ ಮತ್ತೆ 120 ಮೊಟ್ಟೆಯಿಟ್ಟರೆ 7,200! ನೊಣ ಹೊಡೆಯುತ್ತಾ ಕುಳಿತರೆ ಈ ಲೆಕ್ಕ ಮುಗಿಯುವುದೇ?

ವಾರಕ್ಕೊಮ್ಮೆ ಬುಟ್ಟಿ ತೊಳೆದರೆ ಏಕೆ ಸಾಲದು ಎಂಬುದು ಈಗ ತಿಳಿಯಿತಲ್ಲವೇ? ಅಷ್ಟರಲ್ಲಿ ಹುಳುಗಳು ಬುಟ್ಟಿಯಿಂದ ಹೊರಟು ಮೂಲೆ ಸೇರಿರುತ್ತವೆ.

ಬುಟ್ಟಿಯನ್ನು ಹೀಗೆ ಇಟ್ಟುಕೊಳ್ಳಿ

* ಹಸಿ ಕಸ, ಒಣ ಕಸ ಬೇರೆ ಬೇರೆ ಇರಲಿ.
* ಚಹಾದ ಚರಟ, ಉಳಿದ ಸಾರಿನ ನೀರನ್ನು ಬಸಿದು ಹಾಕಿ. ಬುಟ್ಟಿಯ ತಳಕ್ಕೆ ಹಳೆಯ ದಿನಪತ್ರಿಕೆ ಹಾಸಿದರೆ ಅದು ತೇವವನ್ನು ಹೀರಿಕೊಳ್ಳುತ್ತದೆ.
* ಸರಿಯಾಗಿ ಕೂರುವ ಮುಚ್ಚಳ ಇರಲಿ.
* ಹಸಿ ಕಸವನ್ನು ದಿನವೂ ಖಾಲಿ ಮಾಡಿ. ಗೊಬ್ಬರದ ಗುಂಡಿಗೆ ಹಾಕಿದರೆ ಮೇಲೆ ಮಣ್ಣು ಮುಚ್ಚಿ.
* ಬುಟ್ಟಿಯನ್ನು ಸೋಪಿನ ನೀರಿನಲ್ಲಿ ಉಜ್ಜಿ ತೊಳೆದು, ಬಿಸಿಲಿನಲ್ಲಿ ಬೋರಲು ಹಾಕಿ ಒಣಗಿಸಿ. ಒಣಗಿಸುವುದು ತೊಳೆಯುವಷ್ಟೇ ಮುಖ್ಯ.
* ಬುಟ್ಟಿ ಇಡುವ ಜಾಗವನ್ನೂ ಗುಡಿಸಿ ಒರೆಸಿ.
* ಬ್ಲೀಚಿಂಗ್ ಪುಡಿಯನ್ನು ಆಮ್ಲದೊಂದಿಗೆ ಎಂದೂ ಬೆರೆಸಬಾರದು. ವಿಷಕಾರಿ ಕ್ಲೋರಿನ್ ಅನಿಲ ಹೊರಬರುತ್ತದೆ. ಈ ರಾಸಾಯನಿಕಗಳನ್ನು ಮಕ್ಕಳು ಮುಟ್ಟುವುದೇ ಬೇಡ.

ನೀವೇ ಮಾಡಿ ನೋಡಿ

ಕೊಳೆತ ವಸ್ತುವೇ ಹುಳುವಾಗುತ್ತದೆ ಎಂದು ಹಿಂದೆ ಜನ ನಂಬಿದ್ದರು. 1668ರಲ್ಲಿ ಇಟಲಿಯ ಫ್ರಾನ್ಸೆಸ್ಕೊ ರೆಡಿ ಎಂಬ ವಿಜ್ಞಾನಿ ಮಾಂಸದ ತುಂಡುಗಳನ್ನು ಜಾಡಿಗಳಲ್ಲಿಟ್ಟು, ಕೆಲವನ್ನು ತೆರೆದಿಟ್ಟು, ಕೆಲವಕ್ಕೆ ತೆಳುಬಟ್ಟೆ ಕಟ್ಟಿ ಪರೀಕ್ಷಿಸಿದರು. ನೊಣ ಕೂರಲು ಸಾಧ್ಯವಾದ ಮಾಂಸದಲ್ಲಿ ಮಾತ್ರ ಹುಳುಗಳು ಕಂಡವು!

ನೀವು ಮಾಂಸದ ಬದಲು ಬಾಳೆಹಣ್ಣಿನ ಸಿಪ್ಪೆ ಬಳಸಿ. ಶಿಕ್ಷಕರ ನೆರವಿನಿಂದ ಅಗಲ ಬಾಯಿಯ ಎರಡು ಬಾಟಲಿಗಳಲ್ಲಿ ಹೊಸ ಸಿಪ್ಪೆ ಹಾಕಿ. ಒಂದಕ್ಕೆ ಕೂಡಲೇ ತೆಳುಬಟ್ಟೆ ಬಿಗಿಯಾಗಿ ಕಟ್ಟಿ, ಇನ್ನೊಂದನ್ನು ತೆರೆದಿಡಿ. ಹೊರಗೆ ನೆರಳಿನಲ್ಲಿಟ್ಟು ನಾಲ್ಕು ದಿನ ಗಮನಿಸಿ, ಕಂಡದ್ದನ್ನು ಬರೆದಿಡಿ. ಸಿಪ್ಪೆಗೆ ಪುಟ್ಟ ಹಣ್ಣುನೊಣಗಳೂ ಬರಬಹುದು. ಅವುಗಳ ಹುಳು ಇನ್ನೂ ಚಿಕ್ಕದು. ನಾಲ್ಕನೇ ದಿನ ಎರಡಕ್ಕೂ ಬಿಗಿಯಾಗಿ ಮುಚ್ಚಳ ಹಾಕಿ, ಕೆಲವು ದಿನ ಬಿಸಿಲಿನಲ್ಲಿಟ್ಟು ನಂತರ ಆಳವಾಗಿ ಹೂಳಿ. ಕೈಗಳನ್ನು ಸೋಪಿನಿಂದ ತೊಳೆಯಿರಿ.

ಯೋಚಿಸಿ, ಉತ್ತರಿಸಿ

1. ಖಾಲಿ ಬುಟ್ಟಿಯ ಸುತ್ತಲೂ ನೊಣ ಹಾರಾಡುವುದೇಕೆ?
2. ಬುಟ್ಟಿಯನ್ನು ಒಣಗಿಸಿದರೆ ಜೀವನಚಕ್ರದ ಯಾವ ಹಂತಕ್ಕೆ ಹೆಚ್ಚು ತೊಂದರೆ?
3. ನಿಮ್ಮ ಶಾಲೆಯ ಬಿಸಿಯೂಟದ ಕಸ ಎಲ್ಲಿಗೆ ಹೋಗುತ್ತದೆ? ಎಷ್ಟು ದಿನಕ್ಕೊಮ್ಮೆ ತೆಗೆಯುತ್ತಾರೆ? ವಿಚಾರಿಸಿ ತರಗತಿಯಲ್ಲಿ ಚರ್ಚಿಸಿ.