ಮಕ್ಕಳ ಹೆಜ್ಜೆಗೆ ತಕ್ಕಂತೆ

ಪ್ರಿಯರೇ, ಆದಿಕಾಂಡ 33:13-14 ತೆಗೀರಿ. ಏಸಾವ ಕೂಡಿ ಹೋಗೋಣ ಅಂದ. ಯಾಕೋಬ ಒಪ್ಪಲಿಲ್ಲ. ಮಕ್ಕಳು ಎಳೆಯರು, ಮರಿ ಹಾಕಿದ ಕುರಿಗಳನ್ನು ಒಂದು ದಿನ ಜೋರಾಗಿ ಓಡಿಸಿದರೂ ಸತ್ತಾವು ಅಂತ ಅವನಿಗೆ ಗೊತ್ತಿತ್ತು. ಬಬಲೇಶ್ವರದಾಗ ಕುರಿ ಕಾಯೋರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ.

ಮನೆಯಲ್ಲೇ ಮಕ್ಕಳಿಗೆ ಕಲಿಸುವ ತಂದೆತಾಯಿಗಳಿಗೆ ನಾನು ಹೇಳೋದಿಷ್ಟೇ: ವೇಳಾಪಟ್ಟಿ ಬೇಕು. ಆದರೆ ಮಗು ಜ್ವರದಿಂದ ಮಲಗಿದಾಗ, ಭಾಗಾಕಾರ ತಿಳಿಯದೆ ಅತ್ತಾಗ ಪಟ್ಟಿ ಕಾಯಲಿ. ಬೈದು ಓಡಿಸಿದರೆ ಮಗು ಲೆಕ್ಕವನ್ನೂ ಬಿಟ್ಟೀತು, ಸತ್ಯವೇದವನ್ನೂ ಬಿಟ್ಟೀತು. ರಾಷ್ಟ್ರೀಯ ಮುಕ್ತ ಶಾಲಾ ಸಂಸ್ಥೆ ಕೂಡ ಹತ್ತನೇ ತರಗತಿ ಮುಗಿಸಲು 5 ವರ್ಷ ಅವಕಾಶ ಕೊಡ್ತದ.

ಯಾಕೋಬ ನಿಧಾನವಾದರೂ ಪ್ರಯಾಣ ಬಿಡಲಿಲ್ಲ. ಸುಕ್ಕೋತಿಗೆ ಬಂದು ಮನೆ ಕಟ್ಟಿದ. ಇಂದು ತಪ್ಪಿದ ಪಾಠ ನಾಳೆ ತಪ್ಪದೆ ಕಲಿಸೋಣ. ಆಮೆನ್.