ಮನೆಯ ಚರಿತ್ರೆ: ಹಳೆಯ ದಾಖಲೆಗಳ ಓದು
(ಪ್ರೌಢಶಾಲಾ ಕನ್ನಡ – ಕ್ಷೇತ್ರ ಅಧ್ಯಯನ ಪಾಠ)

ಹಿನ್ನೆಲೆ

ಕಾಸರಗೋಡು ತಾಲೂಕು 1956ರ ನವೆಂಬರ್ 1ರಂದು ಕೇರಳಕ್ಕೆ ಸೇರಿತು. ಅದುವರೆಗೆ ಅದು ಮದರಾಸು ರಾಜ್ಯದ ದಕ್ಷಿಣ ಕನ್ನಡ ಜಿಲ್ಲೆಯ ಭಾಗವಾಗಿತ್ತು. ಆದುದರಿಂದ ಇಲ್ಲಿನ ಅನೇಕ ಮನೆಗಳಲ್ಲಿ ಹಳೆಯ ಕಾಗದಪತ್ರಗಳು ಕನ್ನಡದಲ್ಲಿಯೂ ಈಚಿನವು ಮಲಯಾಳದಲ್ಲಿಯೂ ಇವೆ. ಮಲಯಾಳವನ್ನು ಓದಿ ಹೇಳುವವರು ಊರಿನಲ್ಲಿ ಹಲವರಿದ್ದಾರೆ. ಶಾನುಭೋಗರ ಕಾಲದ, ಪದಗಳನ್ನು ಕೂಡಿಸಿ ಬರೆದ ಕನ್ನಡ ಕೈಬರಹವನ್ನು ಓದಬಲ್ಲವರು ವಿರಳರಾಗುತ್ತಿದ್ದಾರೆ. ಈ ಓದನ್ನು ಉಳಿಸಿಕೊಡಬಲ್ಲವರು ಕನ್ನಡ ಶಿಕ್ಷಕರು.

ಉದ್ದೇಶಗಳು

ವಿದ್ಯಾರ್ಥಿಯು ಹಳೆಯ ದಸ್ತಾವೇಜೊಂದನ್ನು ಓದಿ ಅರ್ಥೈಸುವನು. ದಾಖಲೆ ಹೇಳುವುದನ್ನೂ ಹೇಳದೆ ಬಿಡುವುದನ್ನೂ ಗುರುತಿಸುವನು.

ಪೂರ್ವಸಿದ್ಧತೆ

ಹುಡುಕಾಟಕ್ಕೆ ಒಂದು ಹೆಸರು, ಒಂದು ಗ್ರಾಮ, ಒಂದು ಅಂದಾಜು ವರ್ಷ ಬೇಕು. ಇವನ್ನು ವಿದ್ಯಾರ್ಥಿಗಳು ಮನೆಯ ಹಿರಿಯರಿಂದ ಕೇಳಿ ಬರೆದುಕೊಳ್ಳಲಿ. ಮೂಲಪತ್ರಗಳನ್ನು ಶಾಲೆಗೆ ತರಿಸಬಾರದು. ಮನೆಯವರ ಒಪ್ಪಿಗೆಯಿಂದ ಪಡೆದ ನಕಲು ಸಾಕು.

ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಸ್ಥಿರಾಸ್ತಿಯ ದಸ್ತಾವೇಜುಗಳನ್ನು 1ನೆಯ ಪುಸ್ತಕದಲ್ಲಿ ದಾಖಲಿಸುತ್ತಾರೆ. ಇದಕ್ಕೆ ಎರಡು ಸೂಚಿಗಳಿವೆ: ಒಂದು ಹೆಸರುಗಳದು, ಇನ್ನೊಂದು ಆಸ್ತಿಯದು. 1908ರ ನೋಂದಣಿ ಕಾಯಿದೆಯ 57ನೆಯ ಕಲಮಿನ ಪ್ರಕಾರ ಇವನ್ನು ಶುಲ್ಕ ತೆತ್ತು ಯಾರೂ ನೋಡಬಹುದು. ಸರ್ವೆ ನಂಬರು ತಿಳಿಯದಿದ್ದರೂ ಹೆಸರಿನ ಸೂಚಿಯಿಂದ ಹುಡುಕಲು ಸಾಧ್ಯ. ಇನ್ನೂ ಹಿಂದಿನ ಜಿಲ್ಲಾಡಳಿತದ ಕಡತಗಳಿಗಾಗಿ ಚೆನ್ನೈಯ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರವನ್ನು ನೋಡಬೇಕಾಗುತ್ತದೆ. ಕಚೇರಿಗೆ ಮೊದಲೇ ಪತ್ರ ಬರೆದು ದಿನ ಗೊತ್ತುಮಾಡಿಕೊಳ್ಳುವುದು ಉತ್ತಮ. ಇಡೀ ತರಗತಿಯ ಬದಲು ನಾಲ್ಕೈದು ವಿದ್ಯಾರ್ಥಿಗಳ ಗುಂಪನ್ನು ಕರೆದೊಯ್ದರೆ ಕೆಲಸ ನಡೆಯುತ್ತದೆ.

ಓದಿನ ತೊಡಕುಗಳು

1. ಅಂಕಿಗಳು: ಹಳೆಯ ಪತ್ರಗಳಲ್ಲಿ ಕನ್ನಡ ಅಂಕಿಗಳಿರುತ್ತವೆ. ೧ರಿಂದ ೧೦೦ರವರೆಗೆ ಮೊದಲೇ ಅಭ್ಯಾಸ ಮಾಡಿಸಬೇಕು. ಹಣದ ಲೆಕ್ಕ ರೂಪಾಯಿ, ಆಣೆ, ಪೈಗಳಲ್ಲಿದೆ: 12 ಪೈಗೆ ಒಂದು ಆಣೆ, 16 ಆಣೆಗೆ ಒಂದು ರೂಪಾಯಿ.

2. ಕಾಲ: ಶಾಲಿವಾಹನ ಶಕವರ್ಷಕ್ಕೆ 78 ಕೂಡಿಸಿದರೆ ಕ್ರಿಸ್ತವರ್ಷ ದೊರೆಯುತ್ತದೆ; ವರ್ಷದ ಕೊನೆಯ ತಿಂಗಳುಗಳಲ್ಲಿ 79 ಕೂಡಿಸಬೇಕು. ಶಕ 1819, ಹೇವಿಳಂಬಿ ಎಂದಿದ್ದರೆ ಅದು 1897–98. ಸಂವತ್ಸರದ ಹೆಸರು 60 ವರ್ಷಕ್ಕೊಮ್ಮೆ ಮರಳುವುದರಿಂದ ಹೆಸರೊಂದನ್ನೇ ನಂಬಿ ಕಾಲ ನಿರ್ಣಯಿಸಬಾರದು.

3. ಪದಗಳು: 'ವರ್ಗ' ಎಂಬುದನ್ನು ವಿದ್ಯಾರ್ಥಿ ತರಗತಿಯೆಂದು ತಿಳಿಯುವ ಸಂಭವವಿದೆ. ಇಲ್ಲಿ ಅದು ಒಂದು ಕಂದಾಯದ ಲೆಕ್ಕಕ್ಕೆ ಸೇರಿದ ಭೂಮಿ. 'ಮೂಲಗೇಣಿ' ಶಾಶ್ವತವಾದ ಗೇಣಿ; 'ಚಾಲಗೇಣಿ'ಯ ಒಕ್ಕಲಿಗೆ ಅಂಥ ಭದ್ರತೆಯಿರಲಿಲ್ಲ. 'ಕುಮ್ಕಿ' ಎಂದರೆ ವರ್ಗದ ಪಕ್ಕದಲ್ಲಿದ್ದು, ವರ್ಗದಾರನಿಗೆ ಸೊಪ್ಪು ಸೌದೆಗಳ ಅನುಭೋಗವಿದ್ದ ಸರಕಾರಿ ಭೂಮಿ. ಅಳಿಯಸಂತಾನದ ಕುಟುಂಬಗಳಲ್ಲಿ ಹಕ್ಕು ತಾಯಿಯ ಕಡೆಯಿಂದ ಬರುತ್ತಿದ್ದುದರಿಂದ, ಅಂಥ ಪತ್ರಗಳಲ್ಲಿ ತಂದೆಯ ಹೆಸರನ್ನೇ ಹುಡುಕುವವನು ದಾರಿ ತಪ್ಪುತ್ತಾನೆ.

ದಾಖಲೆಯಿಲ್ಲದ ಮನೆ

ಈ ಪಾಠದಲ್ಲಿ ಶಿಕ್ಷಕರು ಅತ್ಯಂತ ಎಚ್ಚರ ವಹಿಸಬೇಕಾದುದು ಇಲ್ಲಿ. ಕಂದಾಯದ ಲೆಕ್ಕ ತೀರ್ವೆ ಕಟ್ಟಿದವನ ಹೆಸರನ್ನು ಬರೆಯಿತು. ಗದ್ದೆ ಉತ್ತವನ, ನೇಜಿ ನೆಟ್ಟವಳ ಹೆಸರನ್ನು ಸಾಮಾನ್ಯವಾಗಿ ಬರೆಯಲಿಲ್ಲ. ಒಬ್ಬ ವಿದ್ಯಾರ್ಥಿ ಮುತ್ತಜ್ಜನ ಕ್ರಯಪತ್ರವನ್ನು ಮುಂದಿಟ್ಟಾಗ ಪಕ್ಕದವನ ಕೈ ಬರಿದಾಗಿರಬಹುದು. ಅವನ ಮನೆಗೆ ಚರಿತ್ರೆಯಿಲ್ಲವೆಂಬ ಭಾವನೆ ತರಗತಿಯಲ್ಲಿ ಬೇರೂರಬಾರದು.

ಅಂಥವನಿಗೆ ಬೇರೆ ದಾರಿಗಳಿವೆ. 1970ರ ಜನವರಿ 1ರಿಂದ ಜಾರಿಗೆ ಬಂದ ಭೂಸುಧಾರಣೆಯ ಬಳಿಕ ಗೇಣಿದಾರರು ಲ್ಯಾಂಡ್ ಟ್ರಿಬ್ಯೂನಲಿನಿಂದ ಪಟ್ಟಯ ಪಡೆದರು. ಪರರ ಭೂಮಿಯಲ್ಲಿ ಗುಡಿಸಲು ಕಟ್ಟಿಕೊಂಡಿದ್ದ ಕುಡಿಕಿಡಪ್ಪುಕಾರರಿಗೆ ಪಂಚಾಯತು ಪ್ರದೇಶದಲ್ಲಿ 10 ಸೆಂಟ್ಸಿನವರೆಗೆ ಖರೀದಿಸುವ ಹಕ್ಕು ದೊರೆಯಿತು. ಎಷ್ಟೋ ಮನೆಗಳಿಗೆ ಅದೇ ಮೊದಲ ಕಾಗದ. ಅದನ್ನೂ ಕ್ರಯಪತ್ರದಷ್ಟೇ ಗೌರವದಿಂದ ಓದಬೇಕು. ಶಾಲೆಯ ದಾಖಲಾತಿ ಪುಸ್ತಕವೂ ಒಂದು ಪತ್ರಾಗಾರವೇ. ಅಜ್ಜ ಅಥವಾ ಅಜ್ಜಿ ಇದೇ ಶಾಲೆಯಲ್ಲಿ ಕಲಿತಿದ್ದರೆ, ಆ ಒಂದು ಸಾಲನ್ನು ಮುಖ್ಯೋಪಾಧ್ಯಾಯರ ಅನುಮತಿಯಿಂದ ಮೊಮ್ಮಗನಿಗೆ ತೋರಿಸಬಹುದು. ಶಾಲೆಯ ಮೆಟ್ಟಿಲನ್ನೇ ಹತ್ತದವರ ಚರಿತ್ರೆಯನ್ನು ಹಿರಿಯರ ಬಾಯಿಂದ ಕೇಳಿ, ಹೇಳಿದವರ ಹೆಸರು ಮತ್ತು ತಾರೀಕಿನೊಡನೆ ಬರೆದಿಡಬೇಕು. ಹೀಗೆ ಬರೆದಿಟ್ಟುದು ನಾಳಿನ ದಾಖಲೆಯಾಗುತ್ತದೆ.

ಹಳೆಯ ಪತ್ರಗಳಲ್ಲಿ ಹೆಸರಿನೊಡನೆ ಜಾತಿಯನ್ನೂ, ಕೆಲವೆಡೆ ಸಾಲದ ವಿವರವನ್ನೂ ಕಾಣಬಹುದು. ಆದುದರಿಂದ ಶಿಕ್ಷಕರು ಮೊದಲು ತಾವು ಓದಿ, ತರಗತಿಗೆ ತಕ್ಕ ಭಾಗವನ್ನಷ್ಟೇ ಆರಿಸಿಕೊಳ್ಳಬೇಕು. ವ್ಯಾಜ್ಯದಲ್ಲಿರುವ ಆಸ್ತಿಯ ಪತ್ರಗಳನ್ನು ಮುಟ್ಟಬಾರದು.

ಚಟುವಟಿಕೆ ಮತ್ತು ಮೌಲ್ಯಮಾಪನ

ಪ್ರತಿಯೊಬ್ಬ ವಿದ್ಯಾರ್ಥಿಯೂ ಒಂದು ಪುಟದ ಮನೆಯ ಚರಿತ್ರೆಯನ್ನು ಬರೆಯಲಿ. ದಾಖಲೆಯಿಂದ ತಿಳಿದುದು, ಹಿರಿಯರಿಂದ ಕೇಳಿದುದು, ತಾನು ಊಹಿಸಿದುದು ಎಂಬ ಮೂರನ್ನೂ ಬೇರ್ಪಡಿಸಿ ತೋರಿಸಲಿ. ದಾಖಲೆ ಎಷ್ಟು ಹಳೆಯದು, ಆಸ್ತಿ ಎಷ್ಟು ದೊಡ್ಡದು ಎಂಬುದಕ್ಕೆ ಅಂಕವಿಲ್ಲ. ಓದಿನ ನಿಖರತೆಗೂ, ಈ ಮೂರನ್ನು ಬೇರ್ಪಡಿಸಿದ ಪ್ರಾಮಾಣಿಕತೆಗೂ ಅಂಕ ಸಲ್ಲಬೇಕು.